ಕಲಾ ಟೀಚರ್ ಕೇಳಿದ ಒಂದು ಗಂಟೆ

ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದ ಕಲಾಗೆ, ಹೊತ್ತೇರಿದ ಮೇಲೂ ಮಲಗಿರುವವರು ಸೋಮಾರಿಗಳು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಮುನಿಶಾಮಿ ಚಾಂಪಿಯನ್ ರೀಫ್ಸ್‌ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದರೆ ಅಕ್ಕಪಕ್ಕದ ಮನೆಗಳ ಮಕ್ಕಳು ಗೋಲಿಯಾಟವನ್ನು ಆಚೆ ಬೀದಿಗೆ ಒಯ್ಯಬೇಕಿತ್ತು. ಅಮ್ಮ ಮುನಿಶಾಮಮ್ಮ ಪಾತ್ರೆಯ ಸದ್ದೂ ಆಗದಂತೆ ಅಡುಗೆ ಮಾಡುತ್ತಿದ್ದಳು. ನಿದ್ದೆಗೆಟ್ಟವನು ಗಣಿಗೆ ಇಳಿದರೆ ಏನಾಗಬಹುದೆಂದು ಆ ಸಾಲಿನ ಹೆಂಗಸರಿಗೆಲ್ಲ ಗೊತ್ತಿತ್ತು.

ಗಣಿ ಮುಚ್ಚಿದಾಗ ಕಲಾ ಹೈಸ್ಕೂಲಿನಲ್ಲಿದ್ದಳು. ಅಪ್ಪ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸಿ ಅವಳನ್ನು ಬಿ.ಎಡ್.ವರೆಗೂ ಓದಿಸಿದ. ಈಗ ಅವಳು ಬಂಗಾರಪೇಟೆ ರಸ್ತೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಮನೆಯಲ್ಲಿ ತಮಿಳು, ತರಗತಿಯಲ್ಲಿ ಕನ್ನಡ, ಹಳ್ಳಿಯಿಂದ ಬರುವ ಅಜ್ಜಿಯರ ಜೊತೆ ತೆಲುಗು. ಯಾವ ಭಾಷೆಯಲ್ಲಿ ಮಾತಾಡಿದರೂ ದನಿ ಮಾತ್ರ ಒಂದೇ, ಗಟ್ಟಿ.

ಆ ಶಾಲೆ ಬೆಳಿಗ್ಗೆ ಎಂಟಕ್ಕೇ ಶುರುವಾಗುತ್ತಿತ್ತು. ಬೇಗ ಶುರುವಾದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಚೆನ್ನಾಗಿ ಬರುತ್ತದೆ ಎಂಬುದು ಮುಖ್ಯೋಪಾಧ್ಯಾಯ ಶ್ರೀನಿವಾಸಪ್ಪನವರ ನಂಬಿಕೆ.

ಒಂದು ದಿನ ಹತ್ತನೇ ತರಗತಿಯ ತ್ರಿವೇಣಿ ಶಾಲೆಗೆ ಬರಲಿಲ್ಲ. ಊರಲ್ಲಿ ಅವಳು ಬಸ್ಸು ಹತ್ತಿದ್ದನ್ನು ಸೈಕಲ್ಲಿನಲ್ಲಿ ಬರುವ ಗೆಳತಿಯರು ನೋಡಿದ್ದರು. ಮಧ್ಯಾಹ್ನದೊಳಗೆ ಹಳ್ಳಿಯಲ್ಲಿ ಗುಸುಗುಸು ಹಬ್ಬಿತು, ಯಾರದೋ ಜೊತೆ ಹೋಗಿದ್ದಾಳೆ ಎಂದು. ಅಷ್ಟರಲ್ಲಿ ಬಂಗಾರಪೇಟೆ ಬಸ್ ನಿಲ್ದಾಣದಿಂದ ಶಾಲೆಗೆ ಫೋನ್ ಬಂತು. ಕಲಾ ಸ್ಕೂಟರ್ ಹತ್ತಿ ಹೊರಟಳು.

ವಿಚಾರಣಾ ಕೌಂಟರಿನ ಬೆಂಚಿನ ಮೇಲೆ ತ್ರಿವೇಣಿ ಬ್ಯಾಗು ತಬ್ಬಿಕೊಂಡು ಕೂತಿದ್ದಳು. ಬಸ್ಸು ಶಾಲೆಯ ಸ್ಟಾಪ್ ದಾಟಿದ್ದು ಅವಳಿಗೆ ತಿಳಿದೇ ಇರಲಿಲ್ಲ. "ಕಂಡಕ್ಟರ್ ಎಬ್ಬಿಸಿದಾಗ್ಲೇ ಗೊತ್ತಾಗಿದ್ದು ಮಿಸ್. ಮನೇಲಿ ಏನಂತಾರೋ ಅಂತ ಭಯ ಆಗಿ ಇಲ್ಲೇ ಕೂತ್ಬಿಟ್ಟೆ," ಎಂದು ಅತ್ತಳು.

ಮನೆಯಲ್ಲಿ ಅವಳ ತಂದೆ ನಂದಕುಮಾರ್ ಬಾಗಿಲಲ್ಲೇ ನಿಂತಿದ್ದ. "ಬಸ್ಸಲ್ಲಿ ಮಲಗಿದ್ಲಂತೆ! ನಮ್ ಕಿವೀಗೆ ಊವ ಮುಡಿಸ್ಬ್ಯಾಡಿ ಮೇಡಂ. ನಾಳೆಯಿಂದ ಇವ್ಳಿಗೆ ಸ್ಕೂಲೂ ಬ್ಯಾಡ, ಏನೂ ಬ್ಯಾಡ."

"ಸ್ಕೂಲ್ ಬಿಡಿಸೋ ಮುಂಚೆ ಒಂದ್ ಮಾತು ಹೇಳಿ," ಎಂದಳು ಕಲಾ. "ನಿಮ್ಮ ಮಗಳು ದಿನಾ ಎಷ್ಟೊತ್ತಿಗೆ ಏಳ್ತಾಳೆ?"

ಅವನಿಗೆ ಗೊತ್ತಿರಲಿಲ್ಲ. ಉತ್ತರ ಕೊಟ್ಟವಳು ಹೆಂಡತಿ ಅರುಣಕುಮಾರಿ. "ಕೋಳಿ ಕೂಗೋಕ್ ಮುಂಚೆ ಏಳ್ತದೆ ಮೇಡಂ. ನಾನು ಕತ್ಲಲ್ಲೇ ಟೊಮ್ಯಾಟೊ ಕೀಳಾಕೆ ಓಗ್ತೀನಿ. ನೀರು ಇಡಿಯೋದು, ಅನ್ನ ಮಾಡೋದು ಎಲ್ಲಾ ಅದೇ. ರಾತ್ರಿ ಓದ್ತಾ ಕೂತಿರ್ತದೆ. ಮಲಗು ಅಂದ್ರೂ ನಿದ್ದೆ ಬರಲ್ಲ ಅಂತದೆ." ಆಮೇಲೆ ಗಂಡನ ಕಡೆ ತಿರುಗಿ, "ನನ್ ಮಗ್ಳು ಸುಳ್ಳು ಏಳಾಕಿಲ್ಲ," ಎಂದಳು.

ನಂದಕುಮಾರ್ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ತ್ರಿವೇಣಿ ಮರುದಿನ ಶಾಲೆಗೆ ಬಂದಳು. ಆದರೆ ಕಲಾಗೆ ಅಷ್ಟು ಸಾಕಾಗಲಿಲ್ಲ. ಮೊದಲ ಪೀರಿಯಡ್ಡಿನಲ್ಲಿ ಅರ್ಧ ತರಗತಿಯ ತಲೆ ಡೆಸ್ಕಿನ ಮೇಲಿರುವುದನ್ನು ಅವಳು ವರ್ಷಗಳಿಂದ ನೋಡುತ್ತಿದ್ದಳು. ನೇರ ಶ್ರೀನಿವಾಸಪ್ಪನವರ ಕೋಣೆಗೆ ಹೋದಳು.

"ಸಾರ್, ಶಾಲೆ ಒಂಬತ್ತಕ್ಕೆ ಶುರು ಮಾಡೋಣ."

ಅವರು ಕನ್ನಡಕ ತೆಗೆದರು. "ಒಂದು ಹುಡುಗಿ ಬಸ್ಸಲ್ಲಿ ಮಲಗಿದ್ಲು ಅಂತ ಇಡೀ ಶಾಲೆ ಟೈಂ ಬದಲಾಯಿಸೋದೇನಮ್ಮಾ? ರಿಸಲ್ಟ್ ಬಿದ್ರೆ ಯಾರು ಹೊಣೆ?"

"ನಾನು. ಆದ್ರೆ ಅದಕ್ಕೂ ಮುಂಚೆ ಈ ವಾರ ಮೊದಲನೇ ಪೀರಿಯಡ್ ನೀವೇ ತಗೊಳ್ಳಿ ಸಾರ್."

ಶ್ರೀನಿವಾಸಪ್ಪ ಒಳ್ಳೆಯ ಗಣಿತದ ಮೇಷ್ಟ್ರು. ವಾರ ಮುಗಿಯುವುದರೊಳಗೆ ಸ್ಟಾಫ್ ರೂಮಿಗೆ ಬಂದು ಡಸ್ಟರನ್ನು ಮೇಜಿನ ಮೇಲೆ ಕುಕ್ಕಿ, "ಗೋಡೆಗೆ ಪಾಠ ಮಾಡಿದ ಹಾಗಾಯ್ತಲ್ಲಮ್ಮಾ. ಪೋಷಕರ ಸಭೆ ಕರಿ. ಅವರು ಒಪ್ಪಿದ್ರೆ ಈ ವರ್ಷ ನೋಡೋಣ," ಎಂದರು.

ಸಭೆಯಲ್ಲಿ ಮೊದಲು ಎದ್ದವರು ದೊಡ್ಡವೆಂಕಟಪ್ಪ. ನಾಲ್ಕು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಮನುಷ್ಯ. ಮಗ ಒಂಬತ್ತನೇ ತರಗತಿ.

"ಏನ್ ಮೇಡಂ, ಈಗಿನ ಉಡುಗ್ರಿಗೆ ನಿದ್ದೆ ಸಾಲ್ದಂತಾ? ನಾನು ಕತ್ಲಲ್ಲೇ ಎದ್ದು ಆಲು ಕರ್ಯಾಕಿಲ್ವಾ?"

"ರಾತ್ರಿ ಎಷ್ಟೊತ್ತಿಗೆ ಮಲಗ್ತೀರಣ್ಣ?"

"ಉಂಡ್ ಕೂಡ್ಲೇ."

"ನಿಮ್ಮ ಮಗ?"

"ಅವ್ನೆಲ್ಲಿ ಮಲಗ್ತಾನೆ! ಮೊಬೈಲ್ ಕಿತ್ ಮಡಗಿದ್ರೂ ಒಳ್ಳಾಡ್ತಾ ಇರ್ತಾನೆ."

"ನೀವೇ ಹೇಳಿದ್ರಲ್ಲ ಅಣ್ಣ," ಎಂದಳು ಕಲಾ. "ಮೀಸೆ ಚಿಗುರೋ ವಯಸ್ಸಲ್ಲಿ ಮೈಯೇ ಹಾಗೆ. ನಿದ್ದೆ ತಡವಾಗಿ ಬರುತ್ತೆ, ತಡವಾಗಿ ಬಿಡುತ್ತೆ. ಡಾಕ್ಟರುಗಳೂ ಇದನ್ನೇ ಹೇಳ್ತಾರೆ. ನಮ್ಮಪ್ಪ ನೈಟ್ ಶಿಫ್ಟ್ ಮಾಡಿ ಮಧ್ಯಾಹ್ನದವರೆಗೂ ಮಲಗಿದ್ರೆ ಉರಿಗಾಂನಲ್ಲಿ ಯಾರೂ ಸೋಮಾರಿ ಅನ್ನಲಿಲ್ಲ. ಈ ಮಕ್ಕಳ ಮೈಗೂ ಒಂದು ಶಿಫ್ಟ್ ಇದೆ. ಬೈದ್ರೆ ಅದು ಬದಲಾಗಲ್ಲ."

ಕೆಲವರು ನಕ್ಕರು. ಹಿಂದಿನ ಸಾಲಿನಿಂದ ವಾಣಿಶ್ರೀ ಎಂಬ ತಾಯಿ ಎದ್ದಳು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವಳು. "ನಾನು ಬೆಳಕು ಅರಿಯೋಕ್ ಮುಂಚೆ ರೈಲಿಗೆ ಓಗ್ತೀನಿ ಮೇಡಂ. ಅಷ್ಟೊತ್ತು ಮಗಳನ್ನ ಮನೇಲಿ ಒಬ್ಳನ್ನೇ ಎಂಗ್ ಬಿಡ್ಲಿ?"

ಕಲಾ ಲೈಬ್ರರಿಯ ಕಡೆ ಕೈ ತೋರಿಸಿ, "ಗೇಟು ಮೊದಲಿನ ಹೊತ್ತಿಗೇ ತೆಗೆಯುತ್ತೆ. ಬೇಗ ಬರಲೇಬೇಕಾದವರು ಬರಲಿ, ಲೈಬ್ರರೀಲಿ ಚಾಪೆ ಹಾಕಿಸ್ತೀನಿ. ಓದೋರು ಓದಲಿ, ಮಲಗೋರು ಮಲಗಲಿ. ನಾನಿರ್ತೀನಿ," ಎಂದಳು.

"ನೀವು ದಿನಾ ಇರ್ತೀರಾ?"

"ದಿನಾ ಇರ್ತೀನಿ."

ಅಷ್ಟಾದ ಮೇಲೆ ಕೈ ಎತ್ತಿದವರೇ ಹೆಚ್ಚು. ದೊಡ್ಡವೆಂಕಟಪ್ಪ ಎತ್ತಲಿಲ್ಲ, ಆದರೆ ಜಗಳಕ್ಕೂ ನಿಲ್ಲಲಿಲ್ಲ.

ಶಾಲೆ ಒಂಬತ್ತಕ್ಕೆ ಶುರುವಾಯಿತು, ಸಂಜೆ ಒಂದು ಗಂಟೆ ತಡವಾಗಿ ಬಿಟ್ಟಿತು. ಪವಾಡವೇನೂ ನಡೆಯಲಿಲ್ಲ. ಮೊಬೈಲ್ ಹಿಡಿಯುವವರು ಹಿಡಿದರು, ಲೆಕ್ಕ ಬಾರದವರಿಗೆ ಲೆಕ್ಕ ಹಾಗೆಯೇ ಕಷ್ಟವಾಯಿತು. ಆದರೆ ಮೊದಲ ಪೀರಿಯಡ್ಡಿನಲ್ಲಿ ಪ್ರಶ್ನೆ ಕೇಳುವ ಕೈಗಳು ಮೇಲೆದ್ದವು. ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬೀಳುವವರು ಕಡಿಮೆಯಾದರು. ಆ ವರ್ಷದ ಫಲಿತಾಂಶ ಕುಸಿಯಲಿಲ್ಲ, ಸ್ವಲ್ಪ ಏರಿತು. ತ್ರಿವೇಣಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ನಂದಕುಮಾರ್ ತಾನೇ ಕಾಲೇಜಿಗೆ ಕರೆದುಕೊಂಡು ಹೋಗಿ ಸೇರಿಸಿದ. ಶ್ರೀನಿವಾಸಪ್ಪನವರು ಹಳೆಯ ವೇಳಾಪಟ್ಟಿಯ ಮಾತೇ ಎತ್ತಲಿಲ್ಲ.

ಕಲಾ ಈಗ ಇದೇ ಒಂದು ಗಂಟೆ ಕೇಳಲು ಬೇರೆ ಶಾಲೆಗಳಿಗೂ ಹೋಗುತ್ತಾಳೆ. ಕೂಲಿ ಇಲ್ಲದ ದಿನ ಅರುಣಕುಮಾರಿಯೂ ಜೊತೆಗಿರುತ್ತಾಳೆ. ತಾಯಂದಿರ ಮುಂದೆ ಮಾತಾಡಲು ಅವಳೇ ಸರಿ. ಮೊನ್ನೆ ಬಂಗಾರಪೇಟೆಯ ಒಂದು ಶಾಲೆಯವರು ಎಲ್ಲ ಕೇಳಿ, ಟೀ ಕೊಟ್ಟು, ಇದೆಲ್ಲ ನಮ್ಮಲ್ಲಿ ಆಗುವುದಿಲ್ಲ ಎಂದರು.

"ಸರಿ ಸಾರ್," ಎಂದು ಕಲಾ ಎದ್ದಳು. "ದಸರಾ ರಜೆ ಮುಗಿದ ಮೇಲೆ ಮತ್ತೆ ಬರ್ತೀವಿ."