ಉಪವಾಸ ಹೋಗದ ಕೌದಿ

ಪೂರ್ವ ಕೆಂಪಾಗುವ ಮೊದಲೇ ದಿಲ್‌ಸುಖ್‌ನಗರದ ಆ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಬಸಲಿಂಗಮ್ಮ ಬರಿಗಾಲಲ್ಲಿ ಸೀರೆಗಳ ಮೇಲೆ ನಡೆದಾಡುತ್ತಿದ್ದಾರೆ. ಮೂಲೆಗೊಂದು ಇಟ್ಟಿಗೆ ಹೇರಿ, ಒಂದರ ಮೇಲೊಂದು ಹಾಸಿದ ಹಳೆಯ ಸೀರೆಗಳು. ಎಲ್ಲಿ ಸುಕ್ಕಿದೆ ಎಂಬುದು ಅವರಿಗೆ ಕಣ್ಣಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ. ಕೆಳಗೆ ಕೋಠಿಗೆ ಹೋಗುವ ಬಸ್ಸು ಹಾರ್ನ್ ಬಾರಿಸುತ್ತಿದೆ, ಕೋಚಿಂಗ್ ಸೆಂಟರಿನ ಹುಡುಗರು ನಿದ್ದೆಗಣ್ಣಲ್ಲೇ ಓಡುತ್ತಿದ್ದಾರೆ. ಬಸಲಿಂಗಮ್ಮನಿಗೆ ಅದ್ಯಾವುದರ ಪರಿವೆಯೂ ಇಲ್ಲ.

"ಬಿಸಲ ಏರಿದ್ರ ಬಟ್ಟಿ ಸೆಟಗೊಂತಾವ್ರಿ. ತಂಪಿನ್ಯಾಗ ಹೇಳಿದಂಗ ಕೇಳ್ತಾವು" ಎನ್ನುತ್ತ ಸೂಜಿಗೆ ದಾರ ಪೋಣಿಸುತ್ತಾರೆ.

ಅವರು ಹೊಲಿಯುವುದು ಕೌದಿ, ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿದ ಹೊದಿಕೆ. ಹುಟ್ಟೂರು ಲಿಂಗಸುಗೂರು ಕಡೆ. ಗಂಡ ಸಾಬಣ್ಣನ ಜೊತೆ ಹೈದರಾಬಾದಿಗೆ ಬಂದದ್ದು ಮಾತ್ರ ಮಣ್ಣು ಹೊರಲು. ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದವು, ಈಗಲೂ ಏಳುತ್ತಿವೆ. ಬುಟ್ಟಿ ಹೊತ್ತು ಹೊತ್ತು ಇಬ್ಬರ ಮೊಣಕಾಲೂ ಸವೆದ ಮೇಲೆ, ಸಾಬಣ್ಣನಿಗೆ ಈ ಅಪಾರ್ಟ್‌ಮೆಂಟಿನ ವಾಚ್‌ಮನ್ ಕೆಲಸ ಸಿಕ್ಕಿತು. ಮೆಟ್ಟಿಲ ಕೆಳಗಿನ ಕೋಣೆಯೇ ಮನೆ. ಮನೆಯೊಳಗೆ ಕೌದಿ ಹಾಸುವಷ್ಟು ಜಾಗವಿಲ್ಲ, ಅದಕ್ಕೇ ತಾರಸಿ.

ಎರಡನೇ ಮಹಡಿಯಲ್ಲಿರುವ ನಲಿನಿ ಕುಂದಾಪುರದವರು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಒಮ್ಮೆ ಬಟ್ಟೆ ಒಣಹಾಕಲು ಮೇಲೆ ಬಂದವರು ಕೌದಿ ನೋಡಿ ಅಲ್ಲೇ ಕುಳಿತುಬಿಟ್ಟರು. ತಿಂಗಳೊಳಗೆ ವೆಬ್‌ಸೈಟ್ ಸಿದ್ಧವಾಯಿತು. ನಿಮ್ಮ ಅಮ್ಮನ, ಅಜ್ಜಿಯ ಹಳೆಯ ಸೀರೆಗಳನ್ನು ಕಳಿಸಿ, ಕೌದಿ ಮಾಡಿ ಕೊಡುತ್ತೇವೆ ಎಂಬುದೇ ವ್ಯಾಪಾರ. ದೂರದ ಊರಿನವರು ಕ್ರೆಡಿಟ್ ಕಾರ್ಡಿನಲ್ಲಿ ಹಣ ಕೊಡಬೇಕಾದರೆ ಮರ್ಚೆಂಟ್ ಅಕೌಂಟ್ ಬೇಕು. ನಲಿನಿಯ ಕಂಪನಿ ನೌಕರರಿಗೆ ಬೇರೆ ವ್ಯಾಪಾರ ಮಾಡಲು ಬಿಡುವುದಿಲ್ಲ, ಹಾಗಾಗಿ ಅಕೌಂಟ್ ಬಸಲಿಂಗಮ್ಮನ ಹೆಸರಲ್ಲಿ.

"ಈ ಮರ್ಚಂಟ್ ಅಂದ್ರ ಯಾರವಾ, ನಲಿನವ್ವಾ?"

"ನೀವೇ ಅಕ್ಕಾ."

"ಹೋಗ ಅತ್ತಾಗ! ಮೊನ್ನಿತನಕ ಬುಟ್ಟಿ ಹೊತ್ತಾಕಿ ಇವತ್ತ ಸಾವ್ಕಾರತಿ ಆದ್ನೇನು?" ಎಂದು ಬಸಲಿಂಗಮ್ಮ ನಕ್ಕ ನಗು ಕೆಳಗಿನ ಗೇಟಿನವರೆಗೂ ಕೇಳಿಸಿತಂತೆ.

ಮೊದಲ ಸಲ ಅಕೌಂಟ್ ತೆರೆಯುವಾಗ ನಲಿನಿ ನೋಡಿದ್ದು ಅಗ್ಗ ಯಾವುದು ಎಂದಷ್ಟೇ. ಬ್ಯಾಂಕುಗಳಿಗಿಂತ ಕಡಿಮೆ ಕಮಿಷನ್ ಹೇಳಿದ ಒಂದು ಮಧ್ಯವರ್ತಿ ಕಂಪನಿ ಸಿಕ್ಕಿತು. ಆದರೆ ಕೊಂಡವರು ತಮ್ಮ ಬ್ಯಾಂಕಿಗೆ ಮಾಲು ಸರಿಯಿಲ್ಲ ಎಂದು ದೂರಿದರೆ ಸಾಕು, ಆ ಕಂಪನಿ ಇವರನ್ನು ಒಂದು ಮಾತೂ ಕೇಳದೆ ಹಣ ವಾಪಸು ಕೊಡುತ್ತಿತ್ತು. ಚಾರ್ಜ್‌ಬ್ಯಾಕ್ ಎಂದು ಅದಕ್ಕೆ ಹೆಸರು. ಅಂಥ ಮೂರು ದೂರು ಬಂದದ್ದೇ ತಡ, ಅಕೌಂಟನ್ನೇ ಮುಚ್ಚಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೂರೂ ದೂರು ಒಂದೇ ಬಗೆಯವು. ಕೌದಿಯ ಮೂಲೆಯೊಳಗೆ ಏನೋ ಕಾಳು ಸಿಕ್ಕಿದೆ, ಗಲೀಜು, ಇಲಿ ಬರುತ್ತದೆ!

ಆ ಕಾಳು ಜೋಳ. ಕೌದಿಯ ಕೊನೆಯ ಮೂಲೆ ಹೊಲಿಯುವ ಮುಂಚೆ ಬಸಲಿಂಗಮ್ಮ ಒಳಗೆ ಒಂದು ಚಿಟಿಕೆ ಜೋಳ ಹಾಕುತ್ತಾರೆ. ಅವರ ತಾಯಿಯೂ ಹಾಕುತ್ತಿದ್ದರು. ಕೌದಿಯ ಹೊಟ್ಟೆ ಖಾಲಿ ಇರಬಾರದು ಎಂಬುದು ಅವರ ಮನೆಯ ನಂಬಿಕೆ. "ಹಸದ ಕೌದಿ ಹೊತ್ಕೊಂಡ್ರ ನಿದ್ದಿ ಹತ್ತಂಗಿಲ್ರಿ" ಎನ್ನುತ್ತಾರೆ, ಎರಡು ಮಾತಿಲ್ಲ ಎಂಬ ದನಿಯಲ್ಲಿ.

ಎರಡನೇ ಸಲ ನಲಿನಿ ಅಕೌಂಟ್ ಹುಡುಕಿದ್ದು ಬೇರೆ ರೀತಿ. ರಜೆ ಹಾಕಿ ಕೋಠಿ, ಬೇಗಂಪೇಟೆಯ ಬ್ಯಾಂಕುಗಳನ್ನೆಲ್ಲ ಸುತ್ತಿ ಒಂದೇ ಪ್ರಶ್ನೆ ಕೇಳಿದರು: ದೂರು ಬಂದರೆ ಹಣ ವಾಪಸು ಕೊಡುವ ಮುಂಚೆ ನಮ್ಮನ್ನು ಕೇಳುತ್ತೀರಾ? ಒಬ್ಬರು ನಕ್ಕರು, ಒಬ್ಬರು ದೊಡ್ಡ ಠೇವಣಿ ಕೇಳಿದರು. ಬೇಗಂಪೇಟೆಯ ಒಂದು ಸಣ್ಣ ಬ್ಯಾಂಕಿನ ಅಧಿಕಾರಿ ದಿನೇಶ ಮಾತ್ರ, ಕೇಳುತ್ತೇವೆ, ಉತ್ತರ ಕೊಡಲು ಒಂದು ವಾರ ಕೊಡುತ್ತೇವೆ ಎಂದರು. ಕಮಿಷನ್ ಹೆಚ್ಚು, ಮೇಲೊಂದು ಷರತ್ತು. ಕೌದಿ ಮುಗಿಯಲು ಎರಡು ತಿಂಗಳಾದರೂ ಬೇಕು, ಆದ್ದರಿಂದ ಪಾರ್ಸೆಲ್ ಹೋದ ಮೇಲೆಯೇ ಕಾರ್ಡಿನಿಂದ ಹಣ ತೆಗೆಯಬೇಕು. ಬಸಲಿಂಗಮ್ಮ ಕೂಡಲೇ ಒಪ್ಪಿದರು. "ಎರಡ ರೂಪಾಯಿ ಜಾಸ್ತಿ ತಗೊಳ್ಳಲಿ ಬಿಡವಾ, ಕೇಳಿ ತಗೊಳ್ಳೂ ಮಂದಿ ಛಲೋ."

ಸಹಿ ಹಾಕಿ ಹೊರಬರುವಾಗ ನಲಿನಿ ಕೈಮುಗಿದು ಬೇಡಿಕೊಂಡರು. "ಅಕ್ಕಾ, ಇನ್ನು ಆ ಜೋಳ ಹಾಕ್ಬೇಡಿ ಮಾರಾಯ್ರೆ. ಇದೂ ಮುಚ್ಚಿದ್ರೆ ನಮ್ಗೆ ಬೇರೆ ಯಾರೂ ಕೊಡೂದಿಲ್ಲ."

ಬಸಲಿಂಗಮ್ಮ ಕೋಲೆಬಸವನ ಹಾಗೆ ತಲೆಯಾಡಿಸಿದರು. ಕಾರ್ಡಿಲ್ಲದಿದ್ದರೆ ದೂರದೂರಿನ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಮತ್ತೆ ಮಣ್ಣಿನ ಬುಟ್ಟಿಯೇ ಗತಿ ಎಂದು ಅವರಿಗೂ ಗೊತ್ತಿತ್ತು, ಅವರ ಮೊಣಕಾಲಿಗೂ ಗೊತ್ತಿತ್ತು.

ಹಾಗಿದ್ದೂ ಪುಣೆಯಿಂದ ದೂರು ಬಂತು. ಕುಮುದಾ ಎಂಬ ಮೈಸೂರು ಮೂಲದ ಹೆಂಗಸು, ತೀರಿಕೊಂಡ ತಾಯಿಯ ಸೀರೆಗಳನ್ನು ಕಳಿಸಿ ಕೌದಿ ಮಾಡಿಸಿದ್ದವರು. ಮೂಲೆಯಲ್ಲಿ ಗಟ್ಟಿಯಾಗಿ ಏನೋ ಕೈಗೆ ತಾಗಿತೆಂದು ಬಿಚ್ಚಿ ನೋಡಿದ್ದಾರೆ. ಒಳಗೆ ಕಾಳು. ದಿನೇಶ ಕೊಟ್ಟ ಮಾತಿನಂತೆ ಫೋನ್ ಮಾಡಿ ಎಚ್ಚರಿಸಿದರು: ಹಿಂದಿನ ಅಕೌಂಟ್ ಮುಚ್ಚಿದ್ದು ನಮ್ಮ ಮೇಲಿನವರಿಗೆ ಗೊತ್ತಾಗಿದೆ, ಉತ್ತರ ಗಟ್ಟಿಯಾಗಿರದಿದ್ದರೆ ಇದೂ ಉಳಿಯುವುದಿಲ್ಲ.

ನಲಿನಿ ಸಿಟ್ಟಿನಿಂದ ತಾರಸಿ ಹತ್ತಿ, ಹೊಲಿದಿಟ್ಟ ಕೌದಿಯ ಮೂಲೆ ಹಿಸುಕಿ ನೋಡಿದರು. ಅಲ್ಲೂ ಜೋಳ!

"ಹಾಕೂದಿಲ್ಲ ಅಂತ ಒಪ್ಕೊಂಡಿದ್ರಲ್ಲ ಅಕ್ಕಾ?"

"ಬಾಯಿ ಹೂಂ ಅಂತು ನಲಿನವ್ವಾ. ಕೈ ಕೇಳವಲ್ದು."

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ಜಗಳವಾಡಿ ಗೆಲ್ಲುವುದುಂಟೇ? ನಲಿನಿ ಅಲ್ಲೇ ಕುಳಿತು ಲ್ಯಾಪ್‌ಟಾಪ್ ತೆರೆದರು. "ಹೇಳಿ, ಯಾಕೆ ಹಾಕಿದ್ದು ಅಂತ ನೀವೇ ಹೇಳಿ. ನಾನು ಬರೀತೇನೆ."

"ಅದು ನಿಮ್ಮ ಅವ್ವನ ಸೀರಿ ಐತ್ರಿ. ಅವ್ವ ನಿಮಗ ಉಣಿಸದ ಮಲಗಿಸಿದ್ಲೇನು? ಆಕಿ ಕೌದಿನ ಹಸದ ಹೊಟ್ಟಿಲೆ ಹ್ಯಾಂಗ ಕಳಸ್ಲಿ? ಜೋಳ ಹಸನ ಮಾಡಿ, ಬಿಸಲಿಗಿ ಒಣಗಿಸಿ ಹಾಕೀನ್ರಿ. ತಪ್ಪಾಗಿದ್ರ ರೊಕ್ಕ ವಾಪಸ್ ತಗೋರಿ. ಗಲೀಜು ಮಾತ್ರ ಅನಬ್ಯಾಡ್ರಿ."

ನಲಿನಿ ಒಂದಕ್ಷರ ತಿದ್ದಲಿಲ್ಲ. ಕೆಳಗೆ ಅಧಿಕಾರಿಗಳಿಗಾಗಿ ಇಂಗ್ಲಿಷಿನಲ್ಲಿ ಅರ್ಥ ಬರೆದು ಬ್ಯಾಂಕಿಗೆ ಕಳಿಸಿದರು. ಬ್ಯಾಂಕು ಅದನ್ನು ಹಾಗೆಯೇ ಕುಮುದಾ ಅವರಿಗೆ ತಲುಪಿಸಿತು. ಆಮೇಲಿನ ದಿನಗಳಲ್ಲಿ ಬಸಲಿಂಗಮ್ಮನಿಗೆ ಊಟ ಸೇರಲಿಲ್ಲ. ಹಳೆಯ ಬುಟ್ಟಿಯನ್ನು ಅಟ್ಟದಿಂದ ಇಳಿಸಿಟ್ಟುಕೊಂಡಿದ್ದರು ಎಂದು ಸಾಬಣ್ಣ ಹೇಳುತ್ತಾರೆ.

ವಾರ ತುಂಬುವ ಮೊದಲೇ ಪಾರ್ಸೆಲ್ ಮೇಲಿದ್ದ ನಂಬರಿಗೆ ಫೋನ್ ಬಂತು. ಕುಮುದಾ ಅವರೇ. ಅಳುತ್ತಿದ್ದರು.

"ದೂರು ವಾಪಸ್ ತಗೊಂಡೆ ಅಮ್ಮಾ. ಆದರೆ ಆ ಕಾಳೆಲ್ಲ ನಾನು ಕಸಕ್ಕೆ ಹಾಕಿಬಿಟ್ಟೆ. ಈಗ ನಮ್ಮಮ್ಮನ ಕೌದಿ ಹಸಿದುಕೊಂಡಿದೆಯಲ್ಲ, ಏನು ಮಾಡ್ಲಿ?"

ಬಸಲಿಂಗಮ್ಮನ ಕಣ್ಣು ತುಂಬಿತು. "ಅಳಬ್ಯಾಡ್ರಿ ಯವ್ವಾ. ನಿಮ್ಮ ಅಡಗಿಮನ್ಯಾಗ ಏನೈತಿ? ಅಕ್ಕಿ ಐತಿಲ್ಲೋ? ನಿಮ್ಮವ್ವ ಅದನ್ನ ಉಂಡು ಬೆಳದಾಕಿ. ಒಂದ ಚಿಟಿಗಿ ಹಾಕಿ, ನಿಮ್ಮ ಕೈಲೇನ ಹೊಲೀರಿ. ಹೊಲಗಿ ಸೊಟ್ಟ ಆದ್ರೂ ನಡೀತೈತಿ."

ಅಕೌಂಟ್ ಉಳಿಯಿತು. ಈಗ ಪ್ರತಿ ಪಾರ್ಸೆಲಿನಲ್ಲೂ ನಲಿನಿ ಬರೆದ ಒಂದು ಚೀಟಿ ಹೋಗುತ್ತದೆ, ಮೂಲೆಯಲ್ಲಿರುವುದು ಏನು, ಯಾಕೆ ಎಂದು. ವೆಬ್‌ಸೈಟಿನಲ್ಲಿ ಬಸಲಿಂಗಮ್ಮನ ಚಿತ್ರವಿಲ್ಲ, ಹಾಕಲು ಅವರು ಬಿಟ್ಟಿಲ್ಲ. ಬುಟ್ಟಿಯಲ್ಲಿ ಈಗ ದಾರದ ಉಂಡೆಗಳಿವೆ.

ಬಿಸಿಲು ತಾರಸಿಗೆ ಇಳಿಯುತ್ತಿದೆ. ಬಸಲಿಂಗಮ್ಮ ಸೆರಗಿನ ಗಂಟು ಬಿಚ್ಚಿ, ಕಾಳು ತೆಗೆದು ಮೂಲೆಯೊಳಗೆ ಸರಿಸಿ, ಹಲ್ಲಿನಿಂದ ದಾರ ಕಡಿಯುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ ಮೊದಲು ನಾಚುತ್ತಾರೆ. ಆಮೇಲೆ ಕೌದಿಯನ್ನು ಮಡಿಸುತ್ತಲೇ ಹೇಳುತ್ತಾರೆ:

"ನಾ ಎಂಥಾ ಮರ್ಚಂಟ್ರಿ, ಅಂಗಡಿಗೆ ಬಾಗಲಾನೂ ಇಲ್ಲ. ಆದ್ರ ಈ ಅಂಗಡಿಯಿಂದ ಯಾವ ಕೌದೀನೂ ಉಪಾಸ ಹೋಗಿಲ್ಲ."