ಮೂರು ಸಹಿಗಳ ಬೇಸಿಗೆ

ಶಾಲೆಯ ಬಸ್ಸನ್ನು ಹತ್ತೊಂಬತ್ತು ವರ್ಷ ಓಡಿಸಿದ ಆತನನ್ನು ಮಕ್ಕಳು ಮೀಸೆ ಅಂಕಲ್ ಎನ್ನುತ್ತಿದ್ದರು. ದೊಡ್ಡವರಿಗೆ ಅವನು ಬರೀ ಮೀಸೆ. ಚಳಿಗಾಲದ ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟಿತು. ಹಿಂದೆ ಹದಿನಾಲ್ಕು ಮಕ್ಕಳು, ಮುಂದೆ ವಾಹನಗಳು ತುಂಬಿದ ಚೌಕ. ಮೀಸೆ ಸ್ಟೀರಿಂಗ್ ತಿರುಗಿಸಿ, ತಾನು ಕೂತ ಬದಿಯನ್ನೇ ಕಲ್ಲುಗೋಡೆಗೆ ಉಜ್ಜಿಸಿ ಬಸ್ಸು ನಿಲ್ಲಿಸಿದ. ಮಕ್ಕಳಿಗೆ ಒಂದು ಗೀರೂ ಆಗಲಿಲ್ಲ. ಅವನ ಕಾಲು ಮಾತ್ರ ಮೂರು ಕಡೆ ಮುರಿಯಿತು.

ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಕೆಲಸದಿಂದ ತೆಗೆದ ಕಾಗದ ಬಂತು. ಅತಿವೇಗ, ಅಜಾಗರೂಕತೆ ಎಂದು ಕಾರಣ ಬರೆದಿತ್ತು. ಬ್ರೇಕಿನ ಬಗ್ಗೆ ತಮಗೆ ಯಾವ ದೂರೂ ಬಂದಿರಲಿಲ್ಲವೆಂದು ಹೆಡ್‌ಮಾಸ್ಟರು ವಿಚಾರಣೆಯಲ್ಲಿ ತಣ್ಣಗೆ ಹೇಳಿದ್ದರು. ಮೀಸೆಯಾದರೋ ಬಸ್ಸಿನ ದೂರು ಪುಸ್ತಕದಲ್ಲಿ ಮೂರು ಸಲ ಬರೆದು, ಮೂರು ಸಲವೂ ಅವರ ಮೇಜಿನ ಮುಂದೆ ನಿಂತು ಸಹಿ ಹಾಕಿಸಿಕೊಂಡಿದ್ದ. ಆ ಪುಸ್ತಕ ಬಸ್ಸಿನಲ್ಲೇ ಉಳಿದಿತ್ತು. ಬಸ್ಸು ಯಾವ ಗುಜರಿ ಸೇರಿತೋ ಯಾರಿಗೂ ಗೊತ್ತಿರಲಿಲ್ಲ.

ಮನೆಗೆ ಬಂದವನು ಗೋಡೆಗೆ ಮುಖಮಾಡಿ ಮಲಗಿಬಿಟ್ಟ. ಅವನು ಹಲ್ಲು ಕಡಿಯುವ ಸದ್ದು ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳುತ್ತಿತ್ತು.

ಬಿಸಿಲು ಏರತೊಡಗಿದ ದಿನಗಳಲ್ಲಿ ಗೆಳೆಯರಿಬ್ಬರು ಬಂದರು. ಒಬ್ಬ ಗ್ಯಾರೇಜಿನ ಮೆಕ್ಯಾನಿಕ್, ಎಲ್ಲರೂ ಸ್ಪ್ಯಾನರ್ ಎಂದು ಕರೆಯುವವನು. ಇನ್ನೊಬ್ಬಳು ಬೀದಿಯ ತಿರುವಿನಲ್ಲಿ ಬಟ್ಟೆ ಇಸ್ತ್ರಿ ಮಾಡುವವಳು, ಆ ಬೀದಿಗೆಲ್ಲ ಅಕ್ಕ.

"ಏಳೋ, ಗುಡ್ಡ ಹತ್ತೋಣ," ಎಂದ ಸ್ಪ್ಯಾನರ್.

"ಈ ಕಾಲಲ್ಲಾ?"

"ಇನ್ನೇನು ನನ್ನ ಕಾಲಲ್ಲಿ ಹತ್ತುತೀಯಾ?" ಎಂದಳು ಅಕ್ಕ. "ನೀನು ಹಿಂಗೆ ಮಲಗಿದ್ರೆ ಯಾರಿಗೆ ಖುಷಿ ಹೇಳು? ಆ ಹೆಡ್‌ಮಾಸ್ಟರಿಗೆ."

ಆ ಮಾತು ಮುಳ್ಳಿನಂತೆ ನಾಟಿತು. ಮೀಸೆ ಎದ್ದ.

ಮೊದಲ ದಿನ ಐವತ್ತು ಹೆಜ್ಜೆ ಹತ್ತುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಆದರೂ ಪ್ರತಿ ಹೆಜ್ಜೆಯನ್ನೂ ಹೆಡ್‌ಮಾಸ್ಟರ ಬೋಳುತಲೆಯ ಮೇಲೆ ಇಡುತ್ತಿದ್ದೇನೆ ಅಂದುಕೊಂಡು ಊರಿದ. ತಿಂಗಳೊಳಗೆ ತುದಿ ಮುಟ್ಟಿದ. ಗಾಳಿಪಟದ ಹಬ್ಬಕ್ಕೆ ಹೋದಾಗ ಎದುರಾಳಿಗಳ ಹನ್ನೊಂದು ಪಟ ಕತ್ತರಿಸಿದ, ಒಂದೊಂದು ಬಿದ್ದಾಗಲೂ "ಹೋಯ್ತು ನಿನ್ನ ಕುರ್ಚಿ!" ಎಂದು ಕೂಗಿದ. ಪಕ್ಕದವರು ಗಾಬರಿಯಾಗಿ ಅಕ್ಕನನ್ನು ನೋಡಿದರೆ, ಅವಳು "ಬಿಡಿ, ಅವನಿಗೆ ಔಷಧ ಅದೇ" ಅಂದಳು. ಹೊಳೆಯಲ್ಲಿ ಈಜಿದರು, ಬಯಲಲ್ಲಿ ಟೆಂಟು ಹಾಕಿದರು, ಹಾಡಿನ ಉತ್ಸವದಲ್ಲಿ ಮಳೆಗೆ ನೆಂದರು. ಊರುಗೋಲು ಯಾವ ದಿನ ಮನೆಯಲ್ಲೇ ಮರೆತು ಬಂದೆನೆಂಬುದು ಅವನಿಗೇ ನೆನಪಿಲ್ಲ. ಕಾಲು ಗಟ್ಟಿಯಾದಷ್ಟೂ ಸಿಟ್ಟೂ ಗಟ್ಟಿಯಾಯಿತು.

ಒಂದು ಮಧ್ಯಾಹ್ನ ಹೊಳೆದಂಡೆಯಲ್ಲಿ ಸ್ಪ್ಯಾನರ್ ತನ್ನ ಚೀಲದಿಂದ ಎಣ್ಣೆ ಮೆತ್ತಿದ ಪುಸ್ತಕವೊಂದನ್ನು ತೆಗೆದುಕೊಟ್ಟ. "ಒಂಬತ್ತು ಗುಜರಿ ಅಂಗಡಿ ಸುತ್ತಿದೆ ಮಾರಾಯ. ಸೀಟಿನ ಕೆಳಗೆ ಸಿಕ್ಕಿಕೊಂಡಿತ್ತು."

ಮೂರು ದೂರು, ಮೂರು ಸಹಿ. ಮೀಸೆ ಆ ಹಾಳೆಗಳನ್ನು ಬೆರಳಿಂದ ಸವರಿದ.

"ನಾಳೇನೇ ಆಫೀಸಿಗೆ ಹೋಗಿ ತೋರಿಸೋಣ," ಎಂದಳು ಅಕ್ಕ.

"ಆಫೀಸಲ್ಲಿ ಹರಿದು ಹಾಕ್ತಾನೆ. ಊರೇ ನೋಡಬೇಕು ಅಕ್ಕ."

ಬೇಸಿಗೆಯ ಕೊನೆಗೆ ಕೆರೆಯಲ್ಲಿ ತೆಪ್ಪದ ಪಂದ್ಯ. ಶಾಲೆಯ ಪ್ರವಾಸಗಳಲ್ಲಿ ಬಸ್ಸಿನ ಮೇಲೆ ಸಾಮಾನು ಕಟ್ಟಿ ಪಳಗಿದ ಕೈಯೆಂದು ಹಗ್ಗಗಳನ್ನು ಪರೀಕ್ಷಿಸುವ ಕೆಲಸ ಮೀಸೆಗೇ ಬಂತು. ಶಾಲೆಯ ಪರವಾಗಿ ಪಂದ್ಯಕ್ಕಿಳಿದಿದ್ದ ಹೆಡ್‌ಮಾಸ್ಟರ ತೆಪ್ಪದ ಮುಂದೆ ಕೂತವನ ಕೈ ತಡೆಯಲಿಲ್ಲ. ಎರಡು ಗಂಟು ಸಡಿಲಿಸಿಯೇಬಿಟ್ಟ. ನಡುನೀರಿನಲ್ಲಿ ಆ ಬೋಳುತಲೆ ಮುಳುಗೇಳುವುದನ್ನು ಮನಸ್ಸಿನಲ್ಲೇ ಕಣ್ತುಂಬ ಕಂಡ. ಅಷ್ಟರಲ್ಲಿ ಇಬ್ಬರು ಹುಡುಗಿಯರು ಓಡಿಬಂದರು. "ಮೀಸೆ ಅಂಕಲ್! ನಾವೂ ಸರ್ ಜೊತೆ ಇದರಲ್ಲೇ ಹೋಗ್ತೀವಿ!"

ಮೀಸೆ ಹೆಡ್‌ಮಾಸ್ಟರ ಏಳು ತಲೆಮಾರನ್ನೂ ಬೈಯುತ್ತ ಗಂಟುಗಳನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿದ.

ಆ ತೆಪ್ಪವೇ ಗೆದ್ದಿತು. ಹೆಡ್‌ಮಾಸ್ಟರು ವೇದಿಕೆಯೇರಿ ಮೈಕು ಹಿಡಿದರು. "ನಮ್ಮ ಶಾಲೆಗೆ ಮಕ್ಕಳ ಸುರಕ್ಷತೆಯೇ ಮೊದಲು..."

ಮೀಸೆ ಮೆಟ್ಟಿಲು ಹತ್ತಿ ಅವರ ಮುಂದೆ ಪುಸ್ತಕ ಬಿಚ್ಚಿಟ್ಟ. "ಸರ್, ಇದು ನಿಮ್ಮ ಸಹಿ ತಾನೇ?"

ಪ್ರಶ್ನೆ ಮೈಕಿನಲ್ಲಿ ಕೆರೆಯ ಆಚೆ ದಡಕ್ಕೂ ಕೇಳಿತು. ಹೆಡ್‌ಮಾಸ್ಟರು ಹಾಳೆ ನೋಡಿದರು, ಜನರನ್ನು ನೋಡಿದರು. "ಇದು... ಇಲ್ಲಿ ಮಾತಾಡೋ ವಿಷಯ ಅಲ್ಲ."

"ಹಾಗಾದರೆ ನಾನೇ ಓದ್ತೀನಿ." ಮೂರು ದೂರನ್ನೂ ತಾರೀಖಿನ ಸಮೇತ ಓದಿದ. ಮೂರನೆಯದು ಅಪಘಾತಕ್ಕೆ ನಾಲ್ಕೇ ದಿನ ಮೊದಲಿನದು. ಆ ಬಸ್ಸಿನಲ್ಲಿದ್ದ ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ಎದ್ದು ನಿಂತರು. ಹೆಡ್‌ಮಾಸ್ಟರಿಗೆ ವೇದಿಕೆಯಿಂದ ಇಳಿಯಲು ದಾರಿ ಉಳಿಯಲಿಲ್ಲ. ಅವರ ಹಣೆಯ ಬೆವರನ್ನು ಮೀಸೆ ಹತ್ತಿರ ನಿಂತು ನೋಡಿದ. ಆ ಬೇಸಿಗೆಯಲ್ಲಿ ಅವನು ಅಷ್ಟು ತಂಪಾದದ್ದು ಹೊಳೆಯಲ್ಲೂ ಇಲ್ಲ.

ತಿಂಗಳೊಳಗೆ ಹೆಡ್‌ಮಾಸ್ಟರು ಕೆಲಸ ಕಳೆದುಕೊಂಡು ಮನೆ ಸೇರಿದರು. ಶಾಲೆಯವರು ಕೆಲಸಕ್ಕೆ ವಾಪಸ್ ಕರೆದಾಗ ಮೀಸೆ ಒಲ್ಲೆನೆಂದ. ಗುಡ್ಡ ಹತ್ತುವವರನ್ನು ಕರೆದೊಯ್ಯುವ ವ್ಯಾನಿಗೆ ಡ್ರೈವರಾಗಿ ಸೇರಿದ. ಒಂದು ದಿನ ಸಂತೆಯಲ್ಲಿ ಹೆಡ್‌ಮಾಸ್ಟರು ಎದುರಾಗಿ ತಲೆ ತಗ್ಗಿಸಿ ಸರಿದುಹೋದರು.

"ಪಾಪ ಅನ್ನಿಸಲ್ವೇನ್ರೀ?" ಎಂದಳು ಹೆಂಡತಿ.

ಮೀಸೆ ತಿರುಗಿ, ದೂರವಾಗುತ್ತಿದ್ದ ಆ ಬಗ್ಗಿದ ಬೆನ್ನನ್ನು ನೋಡಿದ.

"ಇಲ್ಲ ಕಣೇ," ಎಂದ. "ನೋಡಿದೆ, ಅನ್ನಿಸಲಿಲ್ಲ."