ಗದ್ದದ ಮಚ್ಚೆ

ಇದನ್ನು ಹೇಳಬೇಕೆಂದು ಎಷ್ಟು ಸಲ ಕೂತಿದ್ದೇನೋ, ಅಷ್ಟೇ ಸಲ ಚಹಾ ಕುಡಿದು ಎದ್ದಿದ್ದೇನೆ. ಹೆಂಡತಿ ಇದ್ದಾಗ ಅವಳಿಗೂ ಹೇಳಲಿಲ್ಲ. ಈಗ ನಿಮ್ಮೆದುರು ಬಾಯಿ ಬಿಡುವಂತೆ ಮಾಡಿದ್ದು ಮೊನ್ನೆ ಕಿವಿಗೆ ಬಿದ್ದ ಒಂದು ಮಾತು.

ಮೊಮ್ಮಗಳು ಅಕ್ಷತಾ ನಮ್ಮ ನವಲಗುಂದದಲ್ಲೇ ಮದುಮಕ್ಕಳಿಗೆ ಮೇಕಪ್ ಮಾಡುತ್ತಾಳೆ. ಮನೆಯ ಪಡಸಾಲೆಯೇ ಅವಳ ಪಾರ್ಲರ್. ದಿನಾ ಬೆಳಿಗ್ಗೆ ಫೋನಿನ ಮುಂದೆ ಕೂತು ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಾಳೆ. ಮುಖ ತೊಳೆದು ಕ್ರೀಮ್ ಹಚ್ಚಿರಿ, ಅದು ಚರ್ಮಕ್ಕೆ ಇಳಿಯುವತನಕ ತಡೆಯಿರಿ, ಕಾಡಿಗೆ ತೆಳ್ಳಗಿರಲಿ, ಕುತ್ತಿಗೆ ಮರೆಯಬೇಡಿರಿ. ನಾನು ಮೂಲೆಯಲ್ಲಿ ಪೇಪರ್ ಓದುವ ನಾಟಕ ಮಾಡುತ್ತ ಎಲ್ಲ ಕೇಳುತ್ತೇನೆ. ಲಿಪ್‌ಸ್ಟಿಕ್ಕಿಗೆ ಮೊದಲು ತುಟಿಗೆ ತುಪ್ಪ ಸವರಬೇಕೆಂಬುದು ಈ ವಯಸ್ಸಿನಲ್ಲಿ ನನಗೆ ಬಾಯಿಪಾಠ.

ಮೊನ್ನೆ ಒಬ್ಬ ಮದುಮಗಳು ಬಂದಿದ್ದಳು. ಎಣ್ಣೆಗಪ್ಪಿನ ಚಂದದ ಹುಡುಗಿ. "ಅಕ್ಕಾ, ಅಗದಿ ಬೆಳ್ಳಗ ಕಾಣಬೇಕ್ರಿ," ಎಂದಳು.

ಅಕ್ಷತಾ ಅವಳ ದವಡೆಗೆ ಬೆರಳಿನಿಂದ ಒಂದಿಷ್ಟು ಬಣ್ಣ ಒರೆಸಿ, "ಬೆಳ್ಳಗ ಮಾಡಿದ್ರ ಮಾರಿ ಒಬ್ಬಾಕಿದು, ಕುತ್ತಿಗಿ ಇನ್ನೊಬ್ಬಾಕಿದು ಆಗತೈತಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಾ, ಬಾಗಲಾ ಪೂರಾ ತೆಗಿ. ಬಣ್ಣ ಬಿಸಲಿನ ಬೆಳಕಿನ್ಯಾಗ ನೋಡಬೇಕು."

ಎದ್ದವನು ಅಗುಳಿ ಹಿಡಿದು ಹಾಗೇ ನಿಂತೆ. ಆ ಮಾತನ್ನು ಇದೇ ಬಾಗಿಲಲ್ಲಿ ಹಿಂದೊಮ್ಮೆ ಕೇಳಿದ್ದೆ.

ಮ್ಯಾಟ್ರಿಕ್ ಮುಗಿಸಿ ಈ ಪಡಸಾಲೆಯಲ್ಲಿ ನಾನು ಫೋಟೋ ಸ್ಟುಡಿಯೋ ಇಟ್ಟಿದ್ದೆ. ಒಂದು ಕನ್ನಡಿ, ಊರೆಲ್ಲ ಬಾಚಿಕೊಂಡ ಒಂದು ಹಣಿಗೆ, ಒಂದು ಪೌಡರ್ ಡಬ್ಬಿ. ಮೀಸೆ ಹೊತ್ತ ರೈತರೂ ಬಿಳಿ ಬಳಿದುಕೊಂಡೇ ಕೂರುತ್ತಿದ್ದರು. ಕಪ್ಪು-ಬಿಳುಪಿನ ಕಾಲ. ನೆಗೆಟಿವ್ ಮೇಲೆ ಮುಖದ ಜಾಗಕ್ಕೆ ಸಣ್ಣ ಕುಂಚದಿಂದ ಕೆಂಪು ಬಣ್ಣ ಸವರಿದರೆ ಫೋಟೋದಲ್ಲಿ ಮುಖ ಬೆಳ್ಳಗಾಗುತ್ತಿತ್ತು. ಆ ವಿದ್ಯೆ ನನಗೆ ಕೈವಶ. ಅರ್ಧ ತಾಲೂಕಿನ ಕನ್ಯೆಯರಿಗೆ ಗಂಡು ಗೊತ್ತುಮಾಡಿದವನು ನಾನೇ ಎಂಬ ಜಂಬ ಬೇರೆ.

ಒಂದು ದಿನ ಪಕ್ಕದ ಓಣಿಯ ಜಮಖಾನ ನೇಯುವವರ ಮನೆಯ ಹುಡುಗಿ, ಕಣ್ಣು ಮಂಜಾದ ಅಜ್ಜಿಯೊಂದಿಗೆ ಬಂದಳು. ಸೊಲ್ಲಾಪುರದ ವರನ ಮನೆಗೆ ಫೋಟೋ ಕಳಿಸಬೇಕಿತ್ತು. ಕಪ್ಪು ಬಣ್ಣ, ಗದ್ದದ ಮೇಲೆ ಎಳ್ಳಿನಷ್ಟು ಮಚ್ಚೆ. ನಾನು ಡಬ್ಬಿ ಮುಂದೆ ಹಿಡಿದೆ.

"ಬ್ಯಾಡ್ರಿ. ಅವರು ನನ್ನ ನೋಡಬೇಕು, ನಿಮ್ಮ ಡಬ್ಬಿ ಅಲ್ಲ," ಎಂದಳು. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ಹುಡುಗಿಯೇ ಮುಂದುವರಿಸಿದಳು: "ಲೈಟ್ ಆರಸ್ರಿ, ಬಾಗಲಾ ತಗೀರಿ. ನೂಲಿನ ಬಣ್ಣ ನಾವು ಬಿಸಲಿನ ಬೆಳಕಿನ್ಯಾಗ ನೋಡ್ತೀವಿ. ದೀಪದ ಬುಡಕ ಎಲ್ಲಾ ಬಣ್ಣಾನೂ ಸುಳ್ಳ ಹೇಳತಾವ."

ಬಾಗಿಲ ಬೆಳಕಿನಲ್ಲೇ ತೆಗೆದೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಫೋಟೋ ತೆಗೆದಿರಲಿಲ್ಲ. ಆದರೆ ಕತ್ತಲೆ ಕೋಣೆಯಲ್ಲಿ ನನ್ನ ಕೈ ಸುಮ್ಮನಿರಲಿಲ್ಲ. ಕೇಳದವರಿಗೂ ಉಪಕಾರ ಮಾಡುವ ಹುರುಪು. ಕೆಂಪು ಸವರಿದೆ, ಮಚ್ಚೆಯನ್ನು ಪೆನ್ಸಿಲ್ಲಿನಿಂದ ಅಳಿಸಿದೆ, ಫೋಟೋದ ಹಿಂದೆ ಅವಳ ಹೆಸರು ಬರೆದು, ಅವರು ಕೊಟ್ಟುಹೋಗಿದ್ದ ವಿಳಾಸಕ್ಕೆ, ಯಾರಿಗೂ ತೋರಿಸದೆ ನಾನೇ ಅಂಚೆಗೆ ಹಾಕಿದೆ.

ಸೊಲ್ಲಾಪುರದವರು ಬಂದರು. ಹುಡುಗಿಯನ್ನು ನೋಡಿದರು, ಫೋಟೋ ನೋಡಿದರು, ಅದನ್ನು ತಟ್ಟೆಯಲ್ಲಿಟ್ಟು ಚಹಾ ಮುಟ್ಟದೆ ಎದ್ದು ಹೋದರು.

ಅಂದು ಸಂಜೆ ಅಪ್ಪ, ಮಗಳು ನನ್ನ ಬಾಗಿಲಿಗೆ ಬಂದರು. ಓಣಿಯ ಜನ ಕೂಡಿತು. "ಅಣ್ಣಾರ, ಇದರಾಗ ಮಚ್ಚಿ ಎಲ್ಲಿ ಹೋತ್ರಿ?" ಎಂದು ಅಪ್ಪ ಫೋಟೋ ಚಾಚಿದ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. ಸ್ಟುಡಿಯೋದ ಹೆಸರು ಕೆಡುತ್ತದೆಂದು ಹೆದರಿ ನಾನು, "ಅಕಿನ ಪೌಡರ್ ಬಡಕೊಂಡಿದ್ಲರಿ, ನಾ ಏನ ಮಾಡ್ಲಿ?" ಎಂದುಬಿಟ್ಟೆ.

"ನೂಲಿಗೆ ಬಣ್ಣ ಹಾಕಿ ಹಾಕಿ ಮಾರಿಗೂ ಹಾಕ್ಕೊಂಡಾಳ ಬಿಡ್ರಲೇ!" ಎಂದು ಯಾರೋ ಕೂಗಿದರು. ಜನ ನಕ್ಕರು.

ಅವಳು ನನ್ನನ್ನೇ ನೋಡುತ್ತ ಸೆರಗಿನ ತುದಿಯಿಂದ ಗದ್ದವನ್ನು ಗಟ್ಟಿಯಾಗಿ ಒರೆಸಿದಳು. ಮಚ್ಚೆ ಇದ್ದಲ್ಲೇ ಇತ್ತು. ಸೆರಗಿಗೆ ಏನೂ ಹತ್ತಿರಲಿಲ್ಲ. "ನಡಿ ಅಬ್ಬಾ, ಹೋಗೂಣು," ಎಂದಳು.

ಅಂದಿನಿಂದ ಊರು ಅವಳನ್ನು ಪೌಡರ್ ಬೀಬಿ ಎಂದೇ ಕರೆಯಿತು. ಮದುವೆಯಾಗಲಿಲ್ಲ, ಮಗ್ಗದ ಮುಂದೆಯೇ ಕೂದಲು ನರೆಯಿತು. ನಾನು ಆ ಓಣಿ ಬಿಟ್ಟು ಸುತ್ತಿ ಹೋಗುತ್ತಿದ್ದೆ. ಒಮ್ಮೆ ಹೆಂಡತಿಯನ್ನು ಕಳಿಸಿ ಅವಳು ನೇಯ್ದ ನವಿಲಿನ ಜಮಖಾನ ಕೊಂಡು ತರಿಸಿದೆ, ಕ್ಷಮೆ ಕೇಳಿದಂತಾಯಿತು ಎಂದುಕೊಂಡೆ. ಹೋದ ವರ್ಷ ಅವಳು ತೀರಿಕೊಂಡಳು. ಮಣ್ಣಿಗೆ ಹೋಗಿ ದೂರ ನಿಂತಿದ್ದೆ. ಅಲ್ಲಿಯೂ ಜನ ಅದೇ ಅಡ್ಡಹೆಸರು ಹೇಳುತ್ತಿದ್ದರು.

"ಅಜ್ಜಾ, ಬಾಗಲಾ!"

ತೆಗೆದೆ. ನವಿಲಿನ ಜಮಖಾನದ ಮೇಲೆ ಕೂತಿದ್ದ ಮದುಮಗಳ ಮುಖಕ್ಕೆ ಬಿಸಿಲು ಬಿತ್ತು. ಅವಳ ಮೂಗಿನ ಬಾಜು ಒಂದು ಮಚ್ಚೆ. "ಇದನ್ನರ ಮುಚ್ಚತೀರಿಲ್ಲೋ?" ಎಂದು ಕೇಳಿದಳು.

"ಇರಲಿ ಬಿಡವಾ," ಎಂದೆ ನಾನೇ.

"ನೋಡ್ರಿ, ನಮ್ಮಜ್ಜಾನೂ ಮೇಕಪ್ ಕಲ್ತಾನ!" ಎಂದು ಅಕ್ಷತಾ ನಕ್ಕಳು.

ಮದುಮಗಳು ಹೋದಮೇಲೆ ಮೊಮ್ಮಗಳಿಗೆ ಎಲ್ಲ ಹೇಳಿದೆ. ಅವಳು ಕುಂಚಗಳನ್ನೆಲ್ಲ ತೊಳೆದಿಟ್ಟಳು. ಕೊನೆಗೆ, "ಪೌಡರ್ ಬೀಬಿ ಅಂತಿದ್ರಲ್ಲಾ, ಅವರೇನಜ್ಜಾ?" ಎಂದಳು.

"ಹಂಗ ಅನಬ್ಯಾಡವಾ."

"ಮತ್ತ, ಅವರ ಹೆಸರೇನು?"

ಆ ಫೋಟೋದ ಹಿಂದೆ ಬರೆದಮೇಲೆ ಆ ಹೆಸರನ್ನು ನಾನು ಬರೆದಿರಲಿಲ್ಲ, ಬಾಯಲ್ಲೂ ಆಡಿರಲಿಲ್ಲ. ಬಾಗಿಲು ತೆರೆದೇ ಇತ್ತು. ಓಣಿಯವರಿಗೂ ಕೇಳುವಂತೆ ಹೇಳಿದೆ.

ಹುಸೇನಬಿ.